ಕೀಲೆಣ್ಣೆಯಿಂದ ಸಿಂಥೆಟಿಕ್‌ವರೆಗೆ: ನಮ್ಮ ಇಂಜಿನ್‌ಗೆ ಬೇಕಾದ ಎಣ್ಣೆ ಯಾವುದು?

ಸ್ವಲ್ಪ ಉದ್ದದ ಬರಹ, ಪುರುಸೊತ್ತಾದಾಗ ಓದ್ರಿ.

ಕಾಲುವೆಗೆ ನೀರು ಬಿಡೋ ಸುದ್ದಿ ಬಂತು ಅಂದ್ರೆ ನಮ್ಮ ಕಡೆ ಟ್ರಾಕ್ಟರ್ ಸರ್ವಿಸ್ ಶುರು ಆಗ್ತದೆ. ಎಣ್ಣೆ ಡಬ್ಬಿ ತರೋಕೆ ಹೋದವರಿಗೆ ಅಂಗಡಿಯಲ್ಲಿ ಎರಡು ಮಾತು ಕೇಳಿ ಬರ್ತವೆ. ಒಂದು, "ಫುಲ್ ಸಿಂಥೆಟಿಕ್ ಹಾಕ್ರಿ, ಇಂಜಿನ್ ಬಾಳಿಕೆ ಬರ್ತದೆ." ಇನ್ನೊಂದು, ಕೌಂಟರ್ ಮೇಲಿನ ಸಣ್ಣ ಬಾಟಲಿ ತೋರಿಸಿ, "ಇದನ್ನ ಎಣ್ಣೆಗೆ ಬೆರೆಸಿದ್ರೆ ಸವಕಳಿ ಅರ್ಧ ಕಮ್ಮಿ, ಡೀಸೆಲ್ ಉಳಿತಾಯ." ಇವೆರಡೂ ನಮಗೆ ಬೇಕಾ ಅಂತ ಬಹಳ ಜನ ಕೇಳ್ತಾರೆ. ಬೇಕು, ಬೇಡ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಯಾರೂ ನಂಬೋದಿಲ್ಲ. ಇಂಜಿನ್ ಎಣ್ಣೆ ಇವತ್ತಿನ ರೂಪಕ್ಕೆ ಹೇಗೆ ಬಂತು, ಯಾವ ತೊಂದರೆಗೆ ಯಾವ ಮದ್ದು ಸೇರಿತು ಅಂತ ನೋಡಿದ್ರೆ ಉತ್ತರ ತಾನಾಗೇ ಸಿಗ್ತದೆ. ಅದಕ್ಕೇ ಈ ಸಲ ಚರಿತ್ರೆ.

ಇಂಜಿನ್ ಇಲ್ಲದ ಕಾಲದ ಎಣ್ಣೆ

ಹೊಸಪೇಟೆ, ಹಂಪಿ, ಕಂಪ್ಲಿ ಸೀಮೆಯಲ್ಲಿ ನೀರಾವರಿ ಅಂದ್ರೆ ನೂರಾರು ವರ್ಷ ಇಂಜಿನ್ ಮಾತೇ ಇರಲಿಲ್ಲ. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ಎಲ್ಲಾ ವಿಜಯನಗರದ ಕಾಲದವು. ಹೊಳೆಗೆ ಅಡ್ಡ ಕಟ್ಟೆ ಹಾಕಿ ನೀರನ್ನ ಇಳಿಜಾರಿನಲ್ಲೇ ಗದ್ದೆಗೆ ತಂದರು. ಆವಾಗ ಎಣ್ಣೆ ಬೇಕಾಗಿದ್ದು ಬಂಡಿ ಅಚ್ಚಿಗೆ, ಗಾಣಕ್ಕೆ, ತೇರಿನ ಗಾಲಿಗೆ. ನಮ್ಮ ಹಿರಿಯರು ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಮಾಡ್ತಿದ್ರು, ಬಂಡಿ ಕೆಳಗೆ ಗೊಟ್ಟದಲ್ಲಿ ತೂಗು ಹಾಕ್ತಿದ್ರು. ಹರಳೆಣ್ಣೆ ದಪ್ಪ, ಲೋಹಕ್ಕೆ ಗಟ್ಟಿಯಾಗಿ ಅಂಟ್ತದೆ. ಮಸಿ ಎರಡು ಮೈ ನಡುವೆ ಮೆತ್ತಗೆ ಜಾರ್ತದೆ. ಎಣ್ಣೆಗೆ ಇನ್ನೊಂದು ಪದಾರ್ಥ ಬೆರೆಸಿ ಅದರ ಗುಣ ಹೆಚ್ಚಿಸೋದು ಕಂಪನಿಗಳ ಸಂಶೋಧನೆ ಏನಲ್ಲ, ನಮ್ಮ ಬಂಡಿಯವರಿಗೂ ಗೊತ್ತಿತ್ತು.

ಇದೇ ಹರಳೆಣ್ಣೆ ಮುಂದೆ ಇಂಜಿನ್ ಒಳಗೂ ಹೋಯ್ತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಣ್ಣೆಗೆ 'ಕ್ಯಾಸ್ಟ್ರಾಲ್' ಅಂತ ಹೆಸರಿಟ್ಟಿತು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಅಂತಾರೆ, ಹೆಸರು ಬಂದಿದ್ದೇ ಅಲ್ಲಿಂದ. ಮೊದಲನೇ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳಿಗೂ ಹರಳೆಣ್ಣೆಯೇ ಬೇಕಿತ್ತು, ಯಾಕಂದ್ರೆ ಅದು ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗೋದಿಲ್ಲ. ಇಂಜಿನ್ ಉಗುಳಿದ ಎಣ್ಣೆ ಹೊಗೆ ಕುಡಿದು ಪೈಲಟ್‌ಗಳ ಹೊಟ್ಟೆ ಕೆಡ್ತಿತ್ತು ಅಂತ ಹೇಳೋದುಂಟು. ಚಿಕ್ಕವರಿದ್ದಾಗ ಹರಳೆಣ್ಣೆ ಕುಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹರಳೆಣ್ಣೆಗೆ ಒಂದು ದೋಷ ಇತ್ತು. ಬಿಸಿಯಲ್ಲಿ ಬಹಳ ಹೊತ್ತು ಕಾದರೆ ಅಂಟು ಅಂಟಾಗಿ, ಕೊನೆಗೆ ಅರಗಿನ ಹಾಗೆ ಗಟ್ಟಿಯಾಗ್ತದೆ. ನಾಲ್ಕಾರು ಗಂಟೆ ಹಾರಿ ಬಿಚ್ಚಿ ತೊಳೆಯೋ ವಿಮಾನಕ್ಕೆ ನಡೀತಿತ್ತು. ದಿನವಿಡೀ ಓಡೋ ನೀರಿನ ಇಂಜಿನ್‌ಗೆ, ಟ್ರಾಕ್ಟರ್‌ಗೆ ನಡೆಯಲಿಲ್ಲ. ಅಲ್ಲಿ ಕಚ್ಚಾತೈಲದಿಂದ ತೆಗೆದ ಮಿನರಲ್ ಎಣ್ಣೆ ಗೆದ್ದಿತು.

ಟುಕ್ ಟುಕ್ ಇಂಜಿನ್ ಬಂದಾಗ

ತುಂಗಭದ್ರಾ ಡ್ಯಾಂ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಹರಿಯಿತು. ಕಾಲುವೆ ಕೆಳಗಿನವರಿಗೆ ಅನುಕೂಲ ಆಯ್ತು. ಕಾಲುವೆಗಿಂತ ಎತ್ತರದ ಹೊಲದವರಿಗೆ, ಹೊಳೆದಂಡೆಯವರಿಗೆ ನೀರು ಎತ್ತೋ ಇಂಜಿನ್ ಬೇಕಾಯ್ತು. ಪುಣೆ ಹತ್ತಿರದ ಖಡ್ಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಶುರುವಾಗಿತ್ತು. ಇಂಗ್ಲೆಂಡಿನ ಲಿಸ್ಟರ್ ಇಂಜಿನ್, ಆಮೇಲೆ ಅದರದೇ ಮಾದರಿಯಲ್ಲಿ ರಾಜಕೋಟ್‌ನಲ್ಲಿ ಮಾಡಿದ ಇಂಜಿನ್‌ಗಳು ದೇಶದ ತುಂಬಾ ಹರಡಿದವು. ಆರು ಎಚ್‌ಪಿ ಲಿಸ್ಟರ್ ನಿಮಿಷಕ್ಕೆ ಬರೀ 650 ಸುತ್ತು ತಿರುಗ್ತಿತ್ತು. ದೊಡ್ಡ ಫ್ಲೈವೀಲ್, ನಿಧಾನ ಓಟ, ದೂರದಿಂದಲೇ ಕೇಳೋ ಸದ್ದು.

ಆ ಇಂಜಿನ್‌ನಲ್ಲಿ ಎಣ್ಣೆ ಫಿಲ್ಟರ್ ಇರಲಿಲ್ಲ. ಕನೆಕ್ಟಿಂಗ್ ರಾಡ್ ಕೆಳಗಿನ ಚಮಚದಂಥ ಭಾಗ ಎಣ್ಣೆಗೆ ಬಡಿದು ಸುತ್ತಲೂ ಚಿಮ್ಮಿಸ್ತಿತ್ತು. ಅದಕ್ಕೆ 30 ಅಥವಾ 40 ನಂಬರಿನ ಸಾದಾ ಎಣ್ಣೆ ಸಾಕು. ಸಾದಾ ಎಣ್ಣೆಯಲ್ಲಿ ಮಸಿ, ಮಣ್ಣು ತಳಕ್ಕೆ ಕೂರ್ತದೆ, ಮೇಲಿನ ತಿಳಿ ಎಣ್ಣೆ ಕೆಲಸ ಮಾಡ್ತದೆ. ಹಳೆಯ ಮೆಕ್ಯಾನಿಕ್‌ಗಳು ಸಂಪ್ ಬಿಚ್ಚಿ ತಳದ ಕೆಸರು ಕೆರೆದು ತೆಗೀತಿದ್ದಿದ್ದು ಇದಕ್ಕೇ. "ಎಣ್ಣೆ ಕಪ್ಪಾದ್ರೆ ಕೆಟ್ಟದ್ದು" ಅನ್ನೋ ನಂಬಿಕೆ ಹುಟ್ಟಿದ್ದೂ ಆ ಕಾಲದಲ್ಲೇ. ಈಗಿನ ಎಣ್ಣೆಗೆ ಆ ಮಾತು ಹೊಂದೋದಿಲ್ಲ, ಯಾಕೆ ಅಂತ ಮುಂದೆ ನೋಡೋಣ.

ಮೊದಲ ಮದ್ದು ಹುಟ್ಟಿದ್ದೇ ಹೊಲದಲ್ಲಿ

ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಟ್ರಾಕ್ಟರ್ ಹೊರಗೆ ತಂದಿತು. ಓಡೋಕೆ ಶುರುವಾದ ಮೇಲೆ ಒಂದು ಪೀಡೆ ಕಾಣಿಸಿತು. ಡೀಸೆಲ್ ಮಸಿ, ಸುಟ್ಟ ಎಣ್ಣೆ ಸೇರಿ ಪಿಸ್ಟನ್ ರಿಂಗ್‌ಗಳು ಅವುಗಳ ಗಾಡಿಯಲ್ಲೇ ಅಂಟಿಕೊಂಡವು. ರಿಂಗ್ ಅಂಟಿದ್ರೆ ಕಂಪ್ರೆಷನ್ ಹೋಯ್ತು, ಎಣ್ಣೆ ಕುಡಿಯೋಕೆ ಶುರು. ಇದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರ ಹೊತ್ತಿಗೆ ಡೆಲೋ ಅನ್ನೋ ಡೀಸೆಲ್ ಎಣ್ಣೆ ತಂದಿತು. ಅದರಲ್ಲಿ ಸೋಪಿನ ಹಾಗೆ ಮಸಿ ತೊಳೆಯೋ ಡಿಟರ್ಜೆಂಟ್ ಇತ್ತು. ಅಂದ್ರೆ ಡೀಸೆಲ್ ಎಣ್ಣೆಗೆ ಅಡಿಟಿವ್ ಸೇರಿಸೋ ಪದ್ಧತಿ ಬೆಳೆದಿದ್ದು ನಮ್ಮಂಥ ರೈತರ ಟ್ರಾಕ್ಟರ್ ರಿಪೇರಿಯಿಂದ.

ಆಮೇಲೆ ಒಂದೊಂದೇ ತೊಂದರೆಗೆ ಒಂದೊಂದೇ ಮದ್ದು ಬಂತು. 1940ರ ದಶಕದಲ್ಲಿ ಸತು, ರಂಜಕ, ಗಂಧಕ ಸೇರಿದ ಒಂದು ಸಂಯುಕ್ತ ಬಂತು. ಎಣ್ಣೆ ಪದರ ಹರಿದು ಲೋಹಕ್ಕೆ ಲೋಹ ತಾಗೋ ಕಡೆ ಅದು ತೆಳ್ಳಗಿನ ಕವಚ ಕಟ್ತದೆ. ಮಸಿ ಒಟ್ಟುಗೂಡದ ಹಾಗೆ ತೇಲಿಸಿ ಇಡೋ ಡಿಸ್ಪರ್ಸೆಂಟ್ ಬಂತು. 1950ರ ದಶಕದಲ್ಲಿ ಚಳಿಗೂ ಬಿಸಿಗೂ ಹೊಂದೋ ಮಲ್ಟಿಗ್ರೇಡ್ ಬಂತು. ಇವೆಲ್ಲಾ ಈಗ ಡಬ್ಬಿಯೊಳಗೇ ಇವೆ. ಒಳ್ಳೆಯ ಡೀಸೆಲ್ ಇಂಜಿನ್ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗದವರೆಗೂ ಅಡಿಟಿವ್ ಇರ್ತದೆ. ಅಂಗಡಿಯವರು "ಅಡಿಟಿವ್ ಹಾಕ್ರಿ" ಅಂದ್ರೆ ನಾವು ಕೇಳಬೇಕಾದ್ದು, "ಡಬ್ಬಿಯಲ್ಲಿ ಆಗಲೇ ಇರೋದು ಸಾಲದಾ?" ಅಂತ.

ಈಗಿನ ಎಣ್ಣೆ ಹಾಕಿ ಸ್ವಲ್ಪ ಗಂಟೆ ಓಡಿಸುವಷ್ಟರಲ್ಲಿ ಕಪ್ಪಾಗೋದು ಯಾಕೆ ಅಂದ್ರೆ, ಮಸಿಯನ್ನ ತಳಕ್ಕೆ ಕೂರೋಕೆ ಬಿಡದೆ ಅದು ತನ್ನಲ್ಲೇ ಹೊತ್ತುಕೊಳ್ತದೆ. ಕಪ್ಪಾಯ್ತು ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ಆದರೆ ಹೊತ್ತ ಕೊಳೆ ಹೊರಗೆ ಹೋಗೋಕೆ ಇರೋದು ಒಂದೇ ದಾರಿ, ಹೊತ್ತಿಗೆ ಸರಿಯಾಗಿ ಎಣ್ಣೆ ಇಳಿಸೋದು.

ಡಬ್ಬಿ ಮೇಲಿನ ಅಕ್ಷರ ಓದೋದು

ನಮ್ಮ ದೇಶದಲ್ಲಿ 1959ರಲ್ಲಿ ಐಷರ್, 1960ರ ದಶಕದಲ್ಲಿ ಟ್ಯಾಫೆ, ಎಸ್ಕಾರ್ಟ್ಸ್, ಮಹೀಂದ್ರ, 1971ರಿಂದ ಎಚ್‌ಎಂಟಿ ಟ್ರಾಕ್ಟರ್ ಬಂದವು. ಇಂಡಿಯನ್ ಆಯಿಲ್‌ನ ಸರ್ವೋ ಬಂದಿದ್ದು 1972ರಲ್ಲಿ. 1990ರ ದಶಕದ ಆರಂಭದಲ್ಲಿ ಎಣ್ಣೆ ವ್ಯಾಪಾರ ಸಡಿಲ ಆದ ಮೇಲೆ ಹೊರದೇಶದ ಕಂಪನಿಗಳೂ ಬಂದವು. ಬಣ್ಣದ ಡಬ್ಬಿ, ಜಾಹೀರಾತು ಹೆಚ್ಚಾಗಿದ್ದು ಆವಾಗಿನಿಂದಲೇ.

ಡಬ್ಬಿಯಲ್ಲಿ ನಾವು ನೋಡಬೇಕಾದ್ದು ಎರಡೇ. ಒಂದು ದಪ್ಪದ ನಂಬರು, 15ಡಬ್ಲ್ಯೂ-40 ಅಂತ ಇರ್ತದಲ್ಲ, ಅದು. ಹಿಂದಿನ 40 ಅಂದ್ರೆ ಬಿಸಿ ಇಂಜಿನ್‌ನಲ್ಲಿ ಎಣ್ಣೆ ದಪ್ಪ. ಮುಂದಿನ 15ಡಬ್ಲ್ಯೂ ಅಂದ್ರೆ ಚಳಿಯಲ್ಲಿ ಅದರ ಹರಿವು. 15ಡಬ್ಲ್ಯೂ ಎಣ್ಣೆಯನ್ನ ಸೊನ್ನೆಗಿಂತ 25 ಡಿಗ್ರಿ ಕೆಳಗೂ ಪಂಪ್ ಎಳೀಬೇಕು ಅನ್ನೋದು ನಿಯಮ. ಸಂಡೂರು ಗುಡ್ಡದಲ್ಲಿ ಡಿಸೆಂಬರ್ ನಸುಕಿನಲ್ಲೂ ನಾವು ಸೊನ್ನೆ ಕಂಡವರಲ್ಲ. 5ಡಬ್ಲ್ಯೂ ಸಿಂಥೆಟಿಕ್‌ನ ದೊಡ್ಡ ಗುಣವೇ ಕಡು ಚಳಿಯಲ್ಲಿ ಬೇಗ ಹರಿಯೋದು. ಅದನ್ನ ಇಲ್ಲಿ ದುಡ್ಡು ಕೊಟ್ಟು ಕೊಂಡ್ರೆ ಬಳಸೋ ಜಾಗವೇ ಇಲ್ಲ.

ಎರಡನೇದು ದರ್ಜೆ, ಎಪಿಐ ಅಂತ ಬರೆದ ಪಕ್ಕದ ಅಕ್ಷರ. ಡೀಸೆಲ್‌ಗೆ 'ಸಿ' ಇಂದ ಶುರುವಾಗ್ತದೆ. ಸಿಎಫ್-4 ಬಂದಿದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಗೆ. ಅಕ್ಷರ ಮುಂದೆ ಹೋದಂತೆ ಪರೀಕ್ಷೆ ಬಿಗಿ. ಈ ದರ್ಜೆ ಸಿಗಬೇಕಾದ್ರೆ ಎಣ್ಣೆಯನ್ನ ನಿಜವಾದ ಇಂಜಿನ್‌ನಲ್ಲಿ ಗಂಟೆಗಟ್ಟಲೆ ಓಡಿಸಿ, ಬಿಚ್ಚಿ, ಸವಕಳಿ ಅಳೀತಾರೆ. ಕೌಂಟರ್ ಮೇಲಿನ ಬಾಟಲಿಯಲ್ಲಿ ಈ ಅಕ್ಷರ ಹುಡುಕಿ ನೋಡ್ರಿ. ನೀವೇ ಮನೆಯಲ್ಲಿ ಬೆರೆಸಿದ ಎಣ್ಣೆಯನ್ನ ಯಾರೂ ಇಂಜಿನ್‌ನಲ್ಲಿ ಓಡಿಸಿ ಅಳೆದಿರೋದಿಲ್ಲ.

ಡೀಸೆಲ್ ಕೂಡ ಬದಲಾಗಿದೆ. 2010ರ ಬಿಎಸ್-3 ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಗಂಧಕ ಇರ್ತಿತ್ತು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ 50, 2020ರ ಏಪ್ರಿಲ್‌ನಿಂದ 10. ಗಂಧಕ ಉರಿದು ಆಮ್ಲ ಆಗ್ತದೆ, ಆಮ್ಲ ಲೈನರ್ ತಿಂತದೆ, ಅದನ್ನ ಕೊಲ್ಲೋದೂ ಎಣ್ಣೆಯ ಕೆಲಸ. ಅಪ್ಪಂದಿರ ಕಾಲದ ಡೀಸೆಲ್‌ಗೆ ಹೋಲಿಸಿದ್ರೆ ಈಗ ಎಣ್ಣೆ ಮೇಲಿನ ಆ ಹೊರೆ ಬಹಳ ಇಳಿದಿದೆ.

ಸಿಂಥೆಟಿಕ್ ಅಂದ್ರೆ ಏನು

ಜರ್ಮನಿಯಲ್ಲಿ ಕಚ್ಚಾತೈಲ ಕಮ್ಮಿ. ಎರಡನೇ ಮಹಾಯುದ್ಧದಲ್ಲಿ ಅವರು ಕಲ್ಲಿದ್ದಲಿನಿಂದ ಇಂಧನ ಮಾಡಿದರು, ರಸಾಯನದಿಂದ ಎಣ್ಣೆ ಕಟ್ಟಿದರು. ರಷ್ಯಾದ ಚಳಿಗೆ ಸಾದಾ ಎಣ್ಣೆ ಗಡ್ಡೆ ಕಟ್ತಿತ್ತು. ಯುದ್ಧ ಮುಗಿದ ಮೇಲೆ ಈ ವಿದ್ಯೆ ಜೆಟ್ ವಿಮಾನಕ್ಕೆ ಹೋಯ್ತು, 1970ರ ದಶಕದಲ್ಲಿ ಆಮ್ಸಾಯಿಲ್, ಮೊಬಿಲ್ 1 ಹೆಸರಲ್ಲಿ ಕಾರಿಗೆ ಬಂತು. ಸಿಂಥೆಟಿಕ್ ಸುಳ್ಳಲ್ಲ. ಹೆಚ್ಚು ಬಿಸಿ ತಡೀತದೆ, ಕಮ್ಮಿ ಆವಿಯಾಗ್ತದೆ, ತಡವಾಗಿ ಕೆಡ್ತದೆ.

ಆದರೆ 1999ರಲ್ಲಿ ಒಂದು ಘಟನೆ ಆಯ್ತು. ಕ್ಯಾಸ್ಟ್ರಾಲ್ ತನ್ನ ಎಣ್ಣೆಯಲ್ಲಿ ಪೂರ್ತಿ ರಸಾಯನದಿಂದ ಕಟ್ಟಿದ ಎಣ್ಣೆ ಬಿಟ್ಟು, ಕಚ್ಚಾತೈಲವನ್ನೇ ಬಹಳ ಶುದ್ಧ ಮಾಡಿದ ಎಣ್ಣೆ ಬಳಸಿ, ಅದನ್ನೂ ಸಿಂಥೆಟಿಕ್ ಅಂತ ಮಾರಿತು. ಮೊಬಿಲ್ ತಕರಾರು ಎತ್ತಿತು. ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಳಿ ಹಾಗೆ ಕರೆಯಬಹುದು ಅಂತ ತೀರ್ಮಾನ ಕೊಟ್ಟಿತು. ಆವಾಗಿನಿಂದ 'ಸಿಂಥೆಟಿಕ್' ಅನ್ನೋ ಪದ ಬಹಳ ಮಟ್ಟಿಗೆ ಮಾರಾಟದ ಪದ. 'ಸೆಮಿ ಸಿಂಥೆಟಿಕ್' ಡಬ್ಬಿಯಲ್ಲಂತೂ ಎಷ್ಟು ಪಾಲು ಸಿಂಥೆಟಿಕ್ ಅಂತ ಸಾಮಾನ್ಯವಾಗಿ ಬರೆದಿರೋದೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಸಂಪ್‌ಗೆ 7 ಲೀಟರ್ ಹಿಡೀತದೆ ಅಂತ ಇಟ್ಕೊಳ್ಳಿ. ಸಾದಾ ಎಣ್ಣೆ ಲೀಟರ್ 300 ರೂಪಾಯಿ, ಸಿಂಥೆಟಿಕ್ 700 ಅಂತ ಇಟ್ಕೊಳ್ಳಿ. ಒಂದು ಸಲಕ್ಕೆ 2,100 ಒಂದು ಕಡೆ, 4,900 ಇನ್ನೊಂದು ಕಡೆ. 250 ಗಂಟೆಗೆ ಬದಲಾಯಿಸಿದ್ರೆ ಗಂಟೆಗೆ 8 ರೂಪಾಯಿ 40 ಪೈಸೆ, 19 ರೂಪಾಯಿ 60 ಪೈಸೆ. ಎರಡೂ ಸಮ ಆಗಬೇಕಾದ್ರೆ ಸಿಂಥೆಟಿಕ್ ಸುಮಾರು 580 ಗಂಟೆ ಓಡಬೇಕು. ಪುಸ್ತಕದಲ್ಲಿ 250 ಅಂತ ಇದ್ರೆ, ವಾರಂಟಿ ಇರೋವರೆಗೂ ಆ ಗಂಟೆ ಮೀರೋ ಹಾಗಿಲ್ಲ. ವಾರಂಟಿ ಮುಗಿದಿದ್ರೂ, ಎಣ್ಣೆಯಲ್ಲಿ ಸೇರೋ ಧೂಳು, ಮಸಿ ಅದು ಸಿಂಥೆಟಿಕ್ಕಾ ಸಾದಾನಾ ಅಂತ ನೋಡೋದಿಲ್ಲ. ಡೀಸೆಲ್ ಉಳೀತದೆ ಅಂತೀರಾ? ಗಂಟೆಗೆ 4 ಲೀಟರ್‌ನಂತೆ 250 ಗಂಟೆಗೆ 1,000 ಲೀಟರ್. ಅದರಲ್ಲಿ ನೂರಕ್ಕೆ ಒಂದು ಪಾಲು ಉಳಿದ್ರೂ 10 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದ್ರೂ 900 ರೂಪಾಯಿ. ಹೆಚ್ಚಿಗೆ ಕೊಟ್ಟಿದ್ದು 2,800. ನಿಮ್ಮ ಅಂಗಡಿ ದರ ಹಾಕಿ ನೀವೇ ಮಾಡಿ ನೋಡ್ರಿ.

ಹಾಗಾದ್ರೆ ಸಿಂಥೆಟಿಕ್ ಯಾರಿಗೆ? ಪುಸ್ತಕದಲ್ಲೇ ಕೇಳಿದವರಿಗೆ. ಹೊಸ ಕಾರು, ಟರ್ಬೊ ಇರೋ ಗಾಡಿ, ಹೊಗೆ ಸೋಸೋ ಫಿಲ್ಟರ್ ಇರೋ ಹೊಸ ಇಂಜಿನ್. 50 ಎಚ್‌ಪಿಗಿಂತ ದೊಡ್ಡ ಟ್ರಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅಂಥವಕ್ಕೆ ಪುಸ್ತಕದಲ್ಲಿ ಬರೆದ ದರ್ಜೆಯನ್ನೇ ಹಾಕ್ರಿ, ಅಲ್ಲಿ ಉಳಿತಾಯ ನೋಡಬೇಡ್ರಿ.

ಸಣ್ಣ ಬಾಟಲಿಯ ಕಥೆ

ಅಮೆರಿಕದಲ್ಲಿ ಸ್ಲಿಕ್ 50 ಅಂತ ಒಂದು ಬಾಟಲಿ ಬಹಳ ಹೆಸರು ಮಾಡಿತ್ತು. ಅದರಲ್ಲಿದ್ದಿದ್ದು ಅಂಟದ ತವೆಗೆ ಹಚ್ಚೋ ಟೆಫ್ಲಾನ್ ಜಾತಿಯ ಪುಡಿ. ಇಂಜಿನ್ ಒಳಗೆ ಲೇಪ ಕಟ್ಟಿ ಸವಕಳಿ ತಡೀತದೆ ಅನ್ನೋದು ಜಾಹೀರಾತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಪುರಾವೆ ಇಲ್ಲ ಅಂತ ಆರೋಪ ಹೊರಿಸಿತು. 1997ರಲ್ಲಿ ಕಂಪನಿ ಪುರಾವೆ ಇಲ್ಲದೆ ಅಂಥ ಮಾತು ಆಡೋದಿಲ್ಲ ಅಂತ ಒಪ್ಪಂದ ಮಾಡಿಕೊಂಡಿತು. 1999ರಲ್ಲಿ ಡ್ಯೂರಾ ಲ್ಯೂಬ್, ಮೋಟರ್ ಅಪ್, ಪ್ರೊಲಾಂಗ್ ಬಾಟಲಿಗಳ ಜಾಹೀರಾತಿನ ಮೇಲೂ ಅದೇ ಕಮಿಷನ್ ಕ್ರಮ ತಗೊಂಡಿತು. ತಕರಾರು ಎಲ್ಲದರಲ್ಲೂ ಒಂದೇ, ಹೇಳಿದ ಮಾತಿಗೆ ಪುರಾವೆ ಎಲ್ಲಿ ಅಂತ.

ನಮ್ಮ ಕಡೆ ಇನ್ನೊಂದು ಜಾತಿ ಬಾಟಲಿ ಹೆಚ್ಚು ಓಡ್ತದೆ, "ಹೊಗೆ ನಿಲ್ಲಿಸೋದು." ಅದರಲ್ಲಿ ಇರೋದು ಹೆಚ್ಚಾಗಿ ಎಣ್ಣೆ ದಪ್ಪ ಮಾಡೋ ಅಂಟು. ಸವೆದ ರಿಂಗ್ ಸಂದಿಯಲ್ಲಿ ದಪ್ಪ ಎಣ್ಣೆ ನಿಧಾನಕ್ಕೆ ಏರ್ತದೆ, ನಾಲ್ಕು ದಿನ ನೀಲಿ ಹೊಗೆ ಕಮ್ಮಿ ಆದಂಗೆ ಕಾಣ್ತದೆ. ಸವೆದ ಲೋಹ ಮಾತ್ರ ವಾಪಸ್ ಬೆಳೆಯೋದಿಲ್ಲ. ಹಳೇ ಟ್ರಾಕ್ಟರ್ ಕೊಳ್ಳೋವಾಗ ಹುಷಾರು. ನಸುಕಿನಲ್ಲಿ ತಣ್ಣಗಿದ್ದಾಗ ಹೋಗಿ ನೀವೇ ಸ್ಟಾರ್ಟ್ ಮಾಡ್ರಿ, ಡಿಪ್‌ಸ್ಟಿಕ್ ಎಣ್ಣೆ ಬೆರಳಲ್ಲಿ ಎಳೆದಾಗ ಬೆಲ್ಲದ ಪಾಕದ ಹಾಗೆ ದಾರ ಕಟ್ಟಿದ್ರೆ ಅನುಮಾನ ಪಡ್ರಿ.

ಒಂದು ಕಡೆ ಬಾಟಲಿ ಬರೀ ದಂಡ ಅಲ್ಲ, ಅಪಾಯ. ಎಣ್ಣೆಯಲ್ಲೇ ಮುಳುಗಿರೋ ಬ್ರೇಕ್ ಇರೋ ಟ್ರಾಕ್ಟರ್‌ಗಳಲ್ಲಿ ಹಿಂದಿನ ಹೌಸಿಂಗ್ ಎಣ್ಣೆಗೆ ಯುಟಿಟಿಒ ಅಂತಾರೆ. ಬ್ರೇಕ್ ಪ್ಲೇಟ್ ಎಷ್ಟು ಜಾರಬೇಕು, ಎಷ್ಟು ಹಿಡೀಬೇಕು ಅಂತ ಲೆಕ್ಕ ಹಾಕಿ ಮಾಡಿದ ಎಣ್ಣೆ ಅದು. ಅಲ್ಲಿಗೆ ಜಾರಿಸೋ ಬಾಟಲಿ ಸುರಿದ್ರೆ ಬ್ರೇಕ್ ಜಾರಬಹುದು. ಕಬ್ಬಿನ ಟ್ರೈಲರ್ ಎಳ್ಕೊಂಡು ಇಳಿಜಾರಲ್ಲಿ ಬರೋವಾಗ ಅದು ನಮ್ಮ ಜೀವದ ಪ್ರಶ್ನೆ. ಬೈಕಿನ ಇಂಜಿನ್ ಎಣ್ಣೆಯಲ್ಲೂ ಕ್ಲಚ್ ಮುಳುಗಿರ್ತದೆ, ಅಲ್ಲೂ ಇದೇ ಮಾತು.

ನಮ್ಮ ಸೀಮೆಯ ನಿಜವಾದ ಶತ್ರು

ಸಂಡೂರು ಕಡೆಯವರಿಗೆ ಧೂಳು ಹೊಸದಲ್ಲ. ಎರಡು ಸಾವಿರದ ಮೊದಲ ದಶಕದಲ್ಲಿ ಚೀನಾಕ್ಕೆ ಅದಿರು ಹೋಗ್ತಿದ್ದಾಗ ಟಿಪ್ಪರ್ ಸಾಲು ಹೇಗಿತ್ತು ಅಂತ ಎಲ್ಲರಿಗೂ ನೆನಪಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ನಿಯಮದಲ್ಲಿ ಮತ್ತೆ ಶುರುವಾಯ್ತು. ಅದಿರಿನ ಕೆಂಪು ಧೂಳು, ಜೊತೆಗೆ ಮಣ್ಣಿನ ಬೆಣಚು. ಬೆಣಚಿನ ಗಟ್ಟಿತನ ಮೋಸ್ ಅಳತೆಯಲ್ಲಿ 7, ಗಾಜು ಗೀರೋವಷ್ಟು. ಬೇರಿಂಗ್‌ನಲ್ಲಿ ಎಣ್ಣೆ ಪದರ ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ದಪ್ಪದ ಧೂಳಿನ ಕಣ ನುಗ್ಗಿದ್ರೆ ಎಷ್ಟೇ ದುಬಾರಿ ಎಣ್ಣೆ ಇದ್ರೂ ಗೀರಿಯೇ ಗೀರ್ತದೆ. ಏರ್ ಕ್ಲೀನರ್ ಪೈಪಿನ ಸಡಿಲ ಕ್ಲ್ಯಾಂಪ್ ಒಂದು ಸಾಕು, ಲೈನರ್ ಹಾಳಾಗೋಕೆ.

ಕಂಪ್ಲಿ ಗದ್ದೆಯವರಿಗೆ ಶತ್ರು ನೀರು. ಕೇಜ್ ವೀಲ್ ಹಾಕಿ ಕೆಸರಲ್ಲಿ ಇಳಿದಾಗ ಸೀಲ್ ಹೋಗಿದ್ರೆ ನೀರು ಆಕ್ಸಲ್, ಗೇರ್ ಎಣ್ಣೆ ಸೇರ್ತದೆ. ಎಣ್ಣೆ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ರೆ ಯಾವ ಬಾಟಲಿಯೂ ಕೆಲಸ ಮಾಡೋದಿಲ್ಲ. ಸೀಲ್ ಬದಲಾಯಿಸಿ, ಎಣ್ಣೆ ಇಳಿಸೋದೇ ಮದ್ದು. ಭತ್ತದ ಕೊಯ್ಲಿನ ಯಂತ್ರಗಳಿಗೆ ಹೊಟ್ಟು ರೇಡಿಯೇಟರ್ ಮುಚ್ಚಿ ಬಿಸಿ ಏರ್ತದೆ. ಅಲ್ಲಿ ಬೇಕಾದ್ದು ದಿನಕ್ಕೆರಡು ಸಲ ಗಾಳಿ ಹಾಕಿ ಜಾಲರಿ ಬಿಡಿಸೋದು.

ನಾನು ನಡೆಸಿಕೊಂಡು ಬಂದಿರೋದು ಇಷ್ಟೇ:

1. ಪುಸ್ತಕದಲ್ಲಿ ಹೇಳಿದ ದಪ್ಪ, ದರ್ಜೆ. ನನ್ನ ಟ್ರಾಕ್ಟರ್‌ಗೆ ಸಿಐ-4, 15ಡಬ್ಲ್ಯೂ-40 ಸಾದಾ ಎಣ್ಣೆ.

2. ಗಂಟೆ ಮೀಟರ್ ನೋಡಿ ಬದಲಾವಣೆ. ಧೂಳಿನ ರಸ್ತೆಯಲ್ಲಿ ಹೆಚ್ಚು ಓಡಿದ ವರ್ಷ 200ಕ್ಕೇ ಇಳಿಸ್ತೀನಿ. ಎಣ್ಣೆ ಜೊತೆ ಫಿಲ್ಟರ್ ಕಡ್ಡಾಯ.

3. ಹಳೇ ಟ್ರಾಕ್ಟರ್‌ನ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಉಳುಮೆ ದಿನಗಳಲ್ಲಿ ದಿನಾ ನೋಡೋದು. ಒಣ ಫಿಲ್ಟರ್ ಆದ್ರೆ ನೆಲಕ್ಕೆ ಬಡಿಯೋದಿಲ್ಲ, ಕಾಗದ ಹರೀತದೆ.

4. ಬಿಳಿ ಫಿಲ್ಟರ್ ಕಾಗದದ ಮೇಲೆ ಬಿಸಿ ಎಣ್ಣೆಯ ಒಂದು ಹನಿ. ಮಸಿ ಹರಡಿ ಮೆಲ್ಲಗೆ ತಿಳಿಯಾದ್ರೆ ಎಣ್ಣೆಗೆ ಇನ್ನೂ ಶಕ್ತಿ ಇದೆ. ನಡುವೆ ಕರ್ರಗೆ ಗಡ್ಡೆ, ಸುತ್ತ ಬರೀ ಎಣ್ಣೆ ಉಂಗುರ ಆದ್ರೆ ಮಸಿ ಹೊರೋ ಶಕ್ತಿ ಮುಗಿದಿದೆ.

5. ಖಾಲಿ ಡಬ್ಬಿಗೆ ತೂತು ಹೊಡೆದು ಹಾಕೋದು. ಇಲ್ಲಾಂದ್ರೆ ಅದೇ ಡಬ್ಬಿಯಲ್ಲಿ ನಕಲಿ ಎಣ್ಣೆ ತುಂಬಿ ನಮಗೇ ಮಾರ್ತಾರೆ. ಸಿಂಥೆಟಿಕ್ಕಾ ಸಾದಾನಾ ಅನ್ನೋ ಜಗಳಕ್ಕಿಂತ ಅಸಲಿ ಎಣ್ಣೆ, ಬಿಲ್ ಸಮೇತ ತಗೊಳ್ಳೋದು ದೊಡ್ಡದು.

6. ಇಳಿಸಿದ ಎಣ್ಣೆ ಕಾಲುವೆಗೆ, ಬದುವಿಗೆ ಬೇಡ. ಮೈಗೆ ಹತ್ತೋದೂ ಒಳ್ಳೇದಲ್ಲ, ಅದರಲ್ಲಿ ಕ್ಯಾನ್ಸರ್ ತರೋ ಪದಾರ್ಥ ಇರ್ತವೆ. ಡ್ರಮ್‌ನಲ್ಲಿ ತುಂಬಿ ಪರವಾನಗಿ ಇರೋ ಹಳೇ ಎಣ್ಣೆ ತಗೊಳ್ಳೋವರಿಗೆ ಕೊಡೋದು.

ಹೊಸ ಟ್ರಾಕ್ಟರ್ ಕೊಳ್ಳೋ ಯೋಚನೆ ಇರೋವರಿಗೆ ಇನ್ನೊಂದು ಮಾತು. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಟ್ರಾಕ್ಟರ್ ಪರೀಕ್ಷಾ ಕೇಂದ್ರ 1955ರಿಂದ ಇದೆ. ದಕ್ಷಿಣಕ್ಕೆ ಅಂಥದೇ ಕೃಷಿ ಯಂತ್ರ ಕೇಂದ್ರ ನಮಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಬುದನಿಯ ವರದಿಯಲ್ಲಿ ಪ್ರತಿ ಮಾದರಿ ಎಷ್ಟು ಡೀಸೆಲ್ ಕುಡೀತದೆ, ಎಷ್ಟು ಎಣ್ಣೆ ಸುಡ್ತದೆ, ಬಿಚ್ಚಿದಾಗ ಲೈನರ್, ರಿಂಗ್ ಅಳತೆ ಎಷ್ಟು ಅಂತ ಬರೆದಿರ್ತಾರೆ. ಡೀಲರ್ ಹತ್ರ ಕೇಳ್ರಿ, ಜಾಹೀರಾತಿಗಿಂತ ಆ ನಾಲ್ಕು ಪುಟ ಮೇಲು.

ಬಾಟಲಿಗೆ ಎತ್ತಿಟ್ಟ ದುಡ್ಡಲ್ಲಿ ಈ ಹಂಗಾಮಿಗೆ ಒಂದು ಅಸಲಿ ಏರ್ ಫಿಲ್ಟರ್, ಎರಡು ಹೊಸ ಕ್ಲ್ಯಾಂಪ್ ತಗೊಳ್ರಿ. ನಿಮ್ಮ ಟ್ರಾಕ್ಟರ್ ಯಾವ ಮಾದರಿ, ಯಾವ ಎಣ್ಣೆ, ಎಷ್ಟು ಗಂಟೆಗೆ ಬದಲಾಯಿಸ್ತೀರಿ, ಎಷ್ಟು ಗಂಟೆಗೆ ಮೊದಲ ರಿಂಗ್ ಕೆಲಸ ಬಂತು ಅಂತ ಕೆಳಗೆ ಬರೀರಿ. ಹತ್ತಿಪ್ಪತ್ತು ಜನರ ಲೆಕ್ಕ ಸೇರಿದ್ರೆ ನಮ್ಮ ಸೀಮೆಗೇ ಒಂದು ಪಟ್ಟಿ ಆಗ್ತದೆ.